ಹವಾಯಿ ಕಬ್ಬಿನ ಗದ್ದೆಯ ಜಪಾನಿ ಹಾಡುಗಳು: ಕೇಳಿದವರು ಯಾರಾದ್ರೂ ಇದ್ದೀರಾ?

ಹುಣಸೆತೋಪು (ಸ್ಯಾನ್ ಹೋಸೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ನಾವಿರುವ ಊರಲ್ಲಿ ಜಪಾನ್‌ಟೌನ್ ಅಂತ ಒಂದು ಹಳೇ ಬಡಾವಣೆ ಇದೆ. ಅಮೆರಿಕದಲ್ಲಿ ಇಂಥವು ಈಗ ಉಳಿದಿರುವುದು ಮೂರೇ. ಸ್ಯಾನ್ ಫ್ರಾನ್ಸಿಸ್ಕೋದ್ದು, ಲಾಸ್ ಏಂಜಲೀಸಿನ ಲಿಟಲ್ ಟೋಕಿಯೊ, ಮತ್ತೆ ನಮ್ಮೂರಿನದು. ಪ್ರತಿ ಜುಲೈನಲ್ಲಿ ಅಲ್ಲಿನ ಬೌದ್ಧ ದೇವಸ್ಥಾನದ ಮುಂದೆ ಓಬೋನ್ ಹಬ್ಬ ಆಗುತ್ತದೆ. ತೀರಿಹೋದ ಹಿರಿಯರನ್ನು ನೆನೆಯುವ ಹಬ್ಬ. ನಮ್ಮ ಪಿತೃಪಕ್ಷ ಅಂದುಕೊಳ್ಳಿ, ಆದರೆ ಇವರು ಹಿರಿಯರ ಹೆಸರಲ್ಲಿ ಬೀದಿ ತುಂಬಾ ಸಾಲಾಗಿ ನಿಂತು ಕುಣಿಯುತ್ತಾರೆ. ಯಾರು ಬೇಕಾದರೂ ಸೇರಬಹುದು. ಈ ಸಲ ನಾನೂ ಮಗಳೂ ಸೇರಿದೆವು.

ಒಂದು ಹಾಡು ಶುರುವಾಯಿತು. ನನಗೆ ಹೆಜ್ಜೆ ಗೊತ್ತಿಲ್ಲ. ಪಕ್ಕದಲ್ಲಿದ್ದ ಅಜ್ಜಿಗೆ ಎಂಬತ್ತು ದಾಟಿರಬೇಕು. ಅವರೇ ನನ್ನ ಕಡೆ ತಿರುಗಿ ಒಂದೊಂದಾಗಿ ಹೇಳಿಕೊಟ್ಟರು. ಸಲಿಕೆ ಹಿಡಿದ ಹಾಗೆ ಅಗೆ, ಅಗೆ. ಹೆಗಲ ಮೇಲಿಂದ ಹಿಂದಕ್ಕೆ ಹಾಕು, ಹಾಕು. ಹಣೆಗೆ ಕೈ ಅಡ್ಡ ಹಿಡಿದು ಚಂದ್ರನನ್ನು ನೋಡು. ಗಾಡಿ ತಳ್ಳು, ತಳ್ಳು. ಕೈ ಬಿಡಿಸು, ಚಪ್ಪಾಳೆ. ಅದು ತಾಂಕೊ ಬುಷಿ, ಕ್ಯೂಷು ದ್ವೀಪದ ಕಲ್ಲಿದ್ದಲು ಗಣಿಯವರ ಹಾಡು. ಗಣಿಯಲ್ಲಿ ಮಾಡುತ್ತಿದ್ದ ಕೆಲಸವೇ ಕುಣಿತ ಆಗಿದೆ. ಮೂರನೇ ಸುತ್ತಿನ ಹೊತ್ತಿಗೆ ನನ್ನ ಕೈ ತಾನಾಗೇ ಆಡುತ್ತಿತ್ತು.

ಆಮೇಲೆ ನೀರು ಕುಡಿಯುತ್ತಾ ಕೂತಾಗ ಆ ಅಜ್ಜಿ ಒಂದು ಮಾತು ಹೇಳಿದರು. ಅವರ ತಾಯಿ ಹುಟ್ಟಿದ್ದು ಹವಾಯಿಯ ಕಬ್ಬಿನ ತೋಟದಲ್ಲಂತೆ. ತಾಯಿಯ ತಾಯಿ ಕೆಲಸ ಮಾಡುತ್ತಾ ಹಾಡುತ್ತಿದ್ದರಂತೆ. ಮಕ್ಕಳು ಹತ್ತಿರ ಬಂದರೆ ಹಾಡು ನಿಲ್ಲಿಸಿಬಿಡುತ್ತಿದ್ದರಂತೆ. ಈ ಮಾತು ನನ್ನನ್ನು ಬಿಡಲೇ ಇಲ್ಲ. ಯಾಕೆ ನಿಲ್ಲಿಸುತ್ತಿದ್ದರು? ಮೂರು ವಾರದಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ, ಕೇಳುತ್ತಾ ಇದ್ದೇನೆ.

ಆ ಹಾಡುಗಳಿಗೆ ಹೋಲೆ ಹೋಲೆ ಬುಷಿ ಅಂತ ಹೆಸರು. 'ಹೋಲೆ ಹೋಲೆ' ಹವಾಯಿ ಭಾಷೆಯ ಮಾತು. ನಿಂತ ಕಬ್ಬಿನಿಂದ ಒಣಗಿದ ಎಲೆ ಕಿತ್ತು ಹಾಕುವ ಕೆಲಸಕ್ಕೆ ಹಾಗೆ ಹೇಳುತ್ತಾರೆ. 'ಬುಷಿ' ಜಪಾನಿ ಮಾತು, ಅಂದರೆ ಧಾಟಿ. ಹೆಸರಲ್ಲೇ ಎರಡು ಸೀಮೆ ಸೇರಿಕೊಂಡಿವೆ.

1885ರ ಫೆಬ್ರವರಿ 8ರಂದು 'ಸಿಟಿ ಆಫ್ ಟೋಕಿಯೊ' ಅನ್ನುವ ಹಡಗು 900ಕ್ಕೂ ಜಾಸ್ತಿ ಜನರನ್ನು ಹೊತ್ತು ಹೊನೊಲುಲು ತಲುಪಿತು. ಜಪಾನ್, ಹವಾಯಿ ಎರಡೂ ಸರ್ಕಾರಗಳು ಒಪ್ಪಿ ಕಳಿಸಿದ ಮೊದಲ ಕೂಲಿಗಳ ತಂಡ ಅದು. ಮೂರು ವರ್ಷದ ಕರಾರು. ಗಂಡಸಿಗೆ ತಿಂಗಳಿಗೆ 9 ಡಾಲರ್, ಹೆಂಗಸಿಗೆ 6, ಊಟದ ದುಡ್ಡು ಬೇರೆ. ತಿಂಗಳಲ್ಲಿ 26 ದಿನ, ಗದ್ದೆಯಲ್ಲಾದರೆ ದಿನಕ್ಕೆ 10 ಗಂಟೆ ದುಡಿಮೆ. 1894ರ ಹೊತ್ತಿಗೆ ಹೀಗೆ ಹೋದವರು ಸುಮಾರು 29,000. ಹಿರೋಷಿಮಾ, ಯಾಮಾಗುಚಿ, ಕುಮಾಮೊಟೊ, ಫುಕುವೊಕಾ ಕಡೆಯ ರೈತರ ಮಕ್ಕಳೇ ಹೆಚ್ಚು. ಒಬ್ಬೊಬ್ಬರಿಗೂ ನಂಬರ್ ಇರುವ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು, ಅದಕ್ಕೆ 'ಬಾಂಗೊ' ಅನ್ನುತ್ತಿದ್ದರು. ಸಂಬಳದ ದಿನ ಲೆಕ್ಕಕ್ಕೆ ಬರುತ್ತಿದ್ದುದು ಆ ನಂಬರ್. ಕುದುರೆ ಮೇಲೆ ಕೂತು ಕೆಲಸ ಮಾಡಿಸುವವನು 'ಲೂನಾ'.

ಒಂದು ಪದ ಮಾತ್ರ ಇಲ್ಲಿ ನನ್ನ ಮಾತಲ್ಲಿ ಹೇಳುತ್ತೇನೆ. 'ಹವಾಯಿ ಹವಾಯಿ ಅಂತ ಕನಸು ಕಂಡು ಬಂದೆ, ಕಣ್ಣೀರು ಹರಿಸುತ್ತಿರುವುದು ಕಬ್ಬಿನ ನಡುವೆ.' ಇಷ್ಟೇ. ಇಂಥ ಮಾತನ್ನು ಊರಿಗೆ ಬರೆಯುವ ಕಾಗದದಲ್ಲಿ ಯಾರು ಬರೆಯುತ್ತಾರೆ? ಸಾಲ ಮಾಡಿ ಕಳಿಸಿದ ಅಪ್ಪನಿಗೆ ಏನಂತ ಬರೆಯುವುದು? ಅದಕ್ಕೇ ಅದು ಹಾಡಾಯಿತು ಅಂತ ನನಗೆ ಅನ್ನಿಸುತ್ತದೆ.

ಇದರ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಮಲೆನಾಡ_ಮಳೆ

ತುಂಬಾ ಚೆನ್ನಾಗಿ ಬರೆದಿದ್ದೀರಿ ಅಕ್ಕ. ಒಂದು ಪ್ರಶ್ನೆ. ಧಾಟಿ ಜಪಾನಿನದೇನಾ, ಅಥವಾ ಅದೂ ಹವಾಯಿಯಲ್ಲಿ ಹುಟ್ಟಿದ್ದಾ?

ಹುಣಸೆತೋಪು (ಸ್ಯಾನ್ ಹೋಸೆ)

ಧಾಟಿ ಜಪಾನಿನಿಂದಲೇ ಬಂದದ್ದು. ಅವರ ಊರುಗಳಲ್ಲಿ ದುಡಿಯುವಾಗ ಹಾಡುತ್ತಿದ್ದ ಜನಪದ ಮಟ್ಟುಗಳು. ಸಾಲಿನ ಲೆಕ್ಕವೂ ಅಲ್ಲಿನದೇ: ಏಳು, ಏಳು, ಏಳು, ಐದು ಅಕ್ಷರ. ನಮ್ಮ ತ್ರಿಪದಿಗೆ ಒಂದು ಅಳತೆ ಇಲ್ವಾ, ಹಾಗೆ. ಆ ಅಳತೆ ಕೈಗೆ ಬಂದರೆ ಯಾರು ಬೇಕಾದರೂ ಆ ಕ್ಷಣಕ್ಕೆ ಪದ ಕಟ್ಟಬಹುದು. ಹೊಸದಾಗಿದ್ದು ಮಾತುಗಳು. ಜಪಾನಿ ಸಾಲಿನ ಮಧ್ಯೆ ಹವಾಯಿ ಮಾತು ಬರುತ್ತದೆ, ಇಂಗ್ಲಿಷ್ ಬರುತ್ತದೆ. ದುಡ್ಡಿನ ಲೆಕ್ಕ, ಲೂನಾನ ಕಾಟ, ಗಂಡನ ಮೇಲಿನ ಸಿಟ್ಟು, ಬೇರೆಯವನ ಜೊತೆ ಓಡಿಹೋಗುವ ಮಾತು, ಎಲ್ಲವೂ ಇದೆ.

ಘಟಪ್ರಭಾ_ದಂಡೆ (ಮುಧೋಳ)

ಮೇಡಂ, ನಾನು ಕಬ್ಬು ಬೆಳೆಯುವವನು. ಸಂಗೀತ ಗೊತ್ತಿಲ್ಲ, ಆದರೆ ಆ ಕೆಲಸ ಚೆನ್ನಾಗಿ ಗೊತ್ತು. ನಮ್ಮ ಕಡೆ ಒಣಗಿದ ಎಲೆಗೆ ರವದಿ ಅನ್ನುತ್ತೇವೆ, ಆ ಕೆಲಸಕ್ಕೆ ರವದಿ ಸುಲಿಯುವುದು ಅನ್ನುತ್ತೇವೆ.

ಹೊರಗಿನವರಿಗೆ ಎಲೆ ಕೀಳುವುದು ಹಗುರ ಕೆಲಸ ಅನ್ನಿಸಬಹುದು. ಹಗುರ ಅಲ್ಲ. ಎಲೆಯ ಅಂಚು ಗರಗಸ. ಕಾವಿನ ಹತ್ತಿರ ಸಣ್ಣ ಸುಂಕು ಇರುತ್ತದೆ, ಮೈಗೆ ಹತ್ತಿದರೆ ರಾತ್ರಿಯೆಲ್ಲಾ ತುರಿಕೆ. ಆಳೆತ್ತರ ಬೆಳೆದ ಕಬ್ಬಿನ ಸಾಲಿನೊಳಗೆ ಗಾಳಿ ಆಡುವುದಿಲ್ಲ. ಎಷ್ಟೇ ಸೆಕೆ ಇದ್ದರೂ ತುಂಬು ತೋಳಿನ ಅಂಗಿ ಹಾಕಲೇಬೇಕು, ತಲೆಗೆ ಬಟ್ಟೆ ಸುತ್ತಲೇಬೇಕು. ನಮ್ಮಲ್ಲಿ ಹೆಂಗಸರು ಸೀರೆ ಮೇಲೆ ಗಂಡನ ಹಳೇ ಅಂಗಿ ಹಾಕಿಕೊಂಡು ಒಳಗೆ ಹೋಗುತ್ತಾರೆ.

ನೀವು ಹಾಕಿದ ಆ ಸಾಲು ಎರಡು ಸಲ ಓದಿದೆ. 'ಕಬ್ಬಿನ ನಡುವೆ' ಅಂದಿದ್ದಾರಲ್ಲ, ಅದು ಸುಮ್ನೆ ಬಂದ ಮಾತಲ್ಲ. ಸಾಲಿನೊಳಗೆ ಹೊಕ್ಕರೆ ಪಕ್ಕದವರಿಗೂ ನಿಮ್ಮ ಮುಖ ಕಾಣುವುದಿಲ್ಲ. ಅಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ.

ಹುಣಸೆತೋಪು (ಸ್ಯಾನ್ ಹೋಸೆ)

ಸರ್, ನಾನು ಮೂರು ವಾರ ಓದಿದರೂ ಇದು ಹೊಳೆದಿರಲಿಲ್ಲ. ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಹವಾಯಿಯಲ್ಲೂ ಹೆಂಗಸರು ಹೀಗೇ ಮೈ ಕೈ ಕಾಲಿಗೆಲ್ಲ ಬಟ್ಟೆ ಸುತ್ತಿಕೊಂಡು, ತಲೆಗೂ ಕಟ್ಟಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತಿತ್ತು, ಅದಕ್ಕೇ ಹಾಡೂ ಹೆಚ್ಚಾಗಿ ಅವರದ್ದೇ.

ಮಕ್ಕಳ ಮುಂದೆ ಯಾಕೆ ಹಾಡುತ್ತಿರಲಿಲ್ಲ ಅನ್ನುವುದಕ್ಕೂ ಸ್ವಲ್ಪ ಉತ್ತರ ಸಿಕ್ಕಿತು. ಕೆಲವು ಪದಗಳಲ್ಲಿ ಮುಚ್ಚುಮರೆ ಇಲ್ಲ, ಮೈಯ ಮಾತು ನೇರವಾಗಿ ಬರುತ್ತದೆ. ಆಮೇಲೆ ಹಾಡು ಗದ್ದೆಯಿಂದ ಪೇಟೆಯ ಟೀಹೌಸುಗಳಿಗೆ ಹೋಯಿತು, ಅಲ್ಲಿ ಕುಡಿಯುತ್ತಾ ಕೂತವರ ಮುಂದೆ ಶಾಮಿಸೆನ್ ಅನ್ನುವ ಮೂರು ತಂತಿಯ ವಾದ್ಯದ ಜೊತೆ ಹಾಡಿದರು. ಅಲ್ಲಿಗೆ ಮರ್ಯಾದಸ್ಥರ ಮನೆಯಲ್ಲಿ ಹಾಡಬಾರದ ಹಾಡಾಯಿತು. ಮಕ್ಕಳು ಓದಿ ಮೇಲೆ ಬರಲಿ ಅಂತ ದುಡಿದ ತಾಯಂದಿರು ತಮ್ಮ ಹಾಡನ್ನೇ ಬಚ್ಚಿಟ್ಟರು.

ಪೂರ್ತಿ ಕಳೆದೇ ಹೋಗುತ್ತಿತ್ತು. 1960ರ ದಶಕದಲ್ಲಿ ಹೊನೊಲುಲುವಿನ ಸಂಗೀತದ ಮೇಷ್ಟ್ರು ಹ್ಯಾರಿ ಉರಾಟಾ ಟೇಪ್ ರೆಕಾರ್ಡರ್ ಹಿಡಿದು ವಯಸ್ಸಾದವರ ಹತ್ತಿರ ಹೋಗಿ ಹಾಡಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಜಪಾನಿ ಮೂಲದವರನ್ನು ಸೆರೆಯಲ್ಲಿಟ್ಟಾಗ ಅವರೂ ಒಳಗೆ ಇದ್ದವರೇ. ಅವರು ಹುಡುಕಿಕೊಂಡು ಹೋಗದೇ ಇದ್ದಿದ್ದರೆ ನಾವು ಈವತ್ತು ಇದರ ಬಗ್ಗೆ ಮಾತಾಡಲು ಏನೂ ಉಳಿಯುತ್ತಿರಲಿಲ್ಲ.

ಡೊಳ್ಳಿನ_ಹುಡುಗ (ಸಾಗರ)

ನಾನು ಜಪಾನಿನ ಡ್ರಮ್ ತೈಕೋ ಬಗ್ಗೆ ಬರೆಯಲೇಬೇಕು. ಚಿಕ್ಕಂದಿನಿಂದ ಡೊಳ್ಳು ಬಾರಿಸುವವನು ನಾನು, ಚರ್ಮದ ವಾದ್ಯ ಎಲ್ಲೇ ಇದ್ದರೂ ನನ್ನ ಕಿವಿ ಅಲ್ಲಿಗೇ ಹೋಗುತ್ತದೆ.

1968ರಲ್ಲಿ ಸೆಯಿಚಿ ತನಾಕಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೈಕೋ ಶಾಲೆ ಶುರು ಮಾಡಿದರು. ಅವರು ಜಪಾನಿನಿಂದ ಬಂದವರು. ಮಾರನೇ ವರ್ಷ ಲಾಸ್ ಏಂಜಲೀಸಿನ ಸೆನ್ಶಿನ್ ಬೌದ್ಧ ದೇವಸ್ಥಾನದಲ್ಲಿ ಇನ್ನೊಂದು ತಂಡ ಹುಟ್ಟಿತು. ಅದರ ಕತೆ ನನಗೆ ಭಾಳ ಇಷ್ಟ. ಓಬೋನ್ ಹಬ್ಬ ಮುಗಿದಿತ್ತು. ದೊಡ್ಡ ಡ್ರಮ್ಮನ್ನು ಒಳಗಿಡಬೇಕಿತ್ತು. ಇಡಲು ಹೋದವರು ಸುಮ್ನೆ ಒಂದೆರಡು ಪೆಟ್ಟು ಹಾಕಿದರು, ನಿಲ್ಲಿಸಲು ಆಗಲಿಲ್ಲ, ಕೈಯಲ್ಲಿ ಬೊಬ್ಬೆ ಬರುವ ತನಕ ಬಾರಿಸಿದರು. ಆ ತಂಡದ ಹೆಸರು ಕಿನ್ನರ ತೈಕೋ. ಹೌದು, ನಮ್ಮ ಪುರಾಣದಲ್ಲಿ ಬರುವ ಅದೇ ಕಿನ್ನರ. ಬೌದ್ಧ ಧರ್ಮದ ಜೊತೆ ಅಷ್ಟು ದೂರ ನಡೆದು ಹೋಗಿದೆ ಆ ಹೆಸರು.

ಅವರಿಗೆ ವಾದ್ಯ ಎಲ್ಲಿಂದ ಬರಬೇಕು? ಜಪಾನಿನ ತೈಕೋ ಒಂದೇ ಮರದ ದಿಮ್ಮಿ ಕೊರೆದು ಮಾಡುವಂಥದ್ದು, ಸಾವಿರಾರು ಡಾಲರ್ ಬೆಲೆ. ದೇವಸ್ಥಾನದ ಹುಡುಗರ ಕೈಲಿ ಅಷ್ಟು ದುಡ್ಡಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವೈನ್ ಪೀಪಾಯಿಗೆ ಬರ ಇಲ್ಲ. ಹಳೇ ಪೀಪಾಯಿ ತಂದರು, ಹಲಗೆ ಕೂಡಿದ ಕಡೆ ಗೋಂದು ಹಾಕಿ ಬಿಗಿ ಮಾಡಿದರು, ಉಜ್ಜಿ ನಯ ಮಾಡಿದರು. ದನದ ಚರ್ಮ ನೆನೆಹಾಕಿ, ಬಾಯಿಗೆ ಮುಚ್ಚಿ, ಸುತ್ತ ಹಗ್ಗ ಕಟ್ಟಿದರು. ಚರ್ಮ ಎಳೆದು ಬಿಗಿ ಮಾಡಲು ಬಳಸಿದ್ದು ಕಾರಿನ ಟೈರ್ ಬದಲಿಸುವಾಗ ಇಡುತ್ತೇವಲ್ಲ, ಆ ಜಾಕ್! ಜಾಕ್ ತಿರುಗಿಸಿದಷ್ಟೂ ಚರ್ಮ ಬಿಗಿ ಆಗುತ್ತದೆ, ಮಧ್ಯೆ ಮಧ್ಯೆ ಬೆರಳಿಂದ ತಟ್ಟಿ ನಾದ ನೋಡುತ್ತಾರೆ, ಸರಿ ಬಂತು ಅನ್ನಿಸಿದಾಗ ಸುತ್ತಲೂ ಮೊಳೆ ಹೊಡೆಯುತ್ತಾರೆ. ಹೀಗೆ ಕಲಿಯುವಾಗ ಎಷ್ಟು ಚರ್ಮ ಹರಿದಿರಬಹುದು ಅಂತ ನನ್ನ ಕೈಗೆ ಗೊತ್ತು.

ಈವತ್ತಿಗೂ ಅಲ್ಲಿನ ಎಷ್ಟೋ ತಂಡಗಳು ಪೀಪಾಯಿ ತೈಕೋವನ್ನೇ ಬಾರಿಸುತ್ತವೆ.

ಹಳೇ_ರೇಡಿಯೊ

ಎಲ್ಲರ ಬರಹವೂ ಚೆನ್ನಾಗಿದೆ, ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ವೈನ್ ಪೀಪಾಯಿ, ಕಾರ್ ಜಾಕ್, ಜಾಜ್ ಲಯ. ಇದನ್ನು ಜಪಾನಿನ ಸಾಂಪ್ರದಾಯಿಕ ಸಂಗೀತ ಅನ್ನಬಹುದಾ? ಮೂರನೇ ತಲೆಮಾರಿನವರಿಗೆ ಜಪಾನಿ ಭಾಷೆಯೇ ಸರಿಯಾಗಿ ಬರುವುದಿಲ್ಲ. ಮೂಲ ಕೆಟ್ಟುಹೋಗುವುದಿಲ್ವಾ?

ಡೊಳ್ಳಿನ_ಹುಡುಗ (ಸಾಗರ)

ಸರ್, ನೀವು ಹಿರಿಯರು, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಮೂಲ ಅಂತ ನಾವು ಯಾವುದನ್ನು ಹೇಳುತ್ತಿದ್ದೇವೆ? ಹತ್ತು ಜನ ಸೇರಿ ಬೇರೆ ಬೇರೆ ಅಳತೆಯ ತೈಕೋ ಒಟ್ಟಿಗೆ ಬಾರಿಸುವ ಪದ್ಧತಿ ಜಪಾನಿನಲ್ಲೇ ಹೊಸದು. 1951ರಲ್ಲಿ ನಾಗಾನೊ ಸೀಮೆಯ ದಾಯಿಹಾಚಿ ಓಗುಚಿ ಅದನ್ನು ಕಟ್ಟಿದರು. ಅವರೇ ಜಾಜ್ ಡ್ರಮ್ ಬಾರಿಸುತ್ತಿದ್ದವರು. ಅದಕ್ಕೆ ಮುಂಚೆ ದೇವಸ್ಥಾನದಲ್ಲಿ, ಜಾತ್ರೆಯಲ್ಲಿ, ನಾಟಕದಲ್ಲಿ ಡ್ರಮ್ ಇತ್ತು, ಆದರೆ ಹೀಗೆ ಮೇಳವಾಗಿ ಇರಲಿಲ್ಲ. ಅಲ್ಲಿಗೂ ಇಲ್ಲಿಗೂ ನಡುವೆ ಇಪ್ಪತ್ತು ವರ್ಷವೂ ಇಲ್ಲ. ಕ್ಯಾಲಿಫೋರ್ನಿಯಾದವರದ್ದು ನಕಲು ಅಂತ ನಾನು ಒಪ್ಪುವುದಿಲ್ಲ.

ಕಪ್ಪುಹಲಗೆ

ನಾನು ಶಾಲೆಯಲ್ಲಿ ಇತಿಹಾಸ ಹೇಳುತ್ತೇನೆ. ಈ ಚರ್ಚೆಯಲ್ಲಿ ಮಧ್ಯದ ಒಂದು ಭಾಗ ಬಿಟ್ಟುಹೋಗಿದೆ, ಅದಿಲ್ಲದೆ ತೈಕೋ ಯಾಕೆ ಅಷ್ಟು ಜೋರಾಗಿ ಕೇಳಿಸಿತು ಅಂತ ತಿಳಿಯುವುದಿಲ್ಲ.

1941ರ ಡಿಸೆಂಬರ್‌ನಲ್ಲಿ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಜಪಾನಿನ ಯಾವ ಗುರುತು ಸಿಕ್ಕರೂ ಅನುಮಾನ ಬರಬಹುದು ಅಂತ ಮನೆಮನೆಯಲ್ಲಿ ಕಾಗದ, ಪುಸ್ತಕ, ಫೋಟೊ, ಗ್ರಾಮಫೋನ್ ತಟ್ಟೆ ಎಲ್ಲ ಸುಟ್ಟರು, ಹೂತರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನ ಕೈಯಲ್ಲಿ ಹಿಡಿಯುವಷ್ಟು ಸಾಮಾನು ತೆಗೆದುಕೊಂಡು ಮನೆ ಬಿಟ್ಟರು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಮೊದಲು ಕೆಲವರನ್ನು ಸಾಂಟಾ ಅನೀಟಾ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿ ಇಟ್ಟರು. ಆಮೇಲೆ ಮರುಭೂಮಿಯಲ್ಲಿ, ಜೌಗು ನೆಲದಲ್ಲಿ ಕಟ್ಟಿದ ಹತ್ತು ಕ್ಯಾಂಪು. ಮಾಂಜನಾರ್, ಟೋಪಾಜ್, ಟೂಲಿ ಲೇಕ್, ಹಾರ್ಟ್ ಮೌಂಟನ್, ಜೆರೋಮ್ ಎಲ್ಲ ಆ ಹತ್ತರಲ್ಲಿ ಸೇರಿದವು.

ಮುಳ್ಳುತಂತಿಯ ಒಳಗೆ ಎರಡು ಥರದ ಸಂಗೀತ ಕೇಳುತ್ತಿತ್ತು. ಹರೆಯದವರು ಸ್ವಿಂಗ್ ಅನ್ನುವ ಥರದ ಜಾಜ್ ಬ್ಯಾಂಡ್ ಕಟ್ಟಿದರು. ಮಾಂಜನಾರಿನ ಬ್ಯಾಂಡಿನ ಹೆಸರು ಜೈವ್ ಬಾಂಬರ್ಸ್. ಅಲ್ಲೇ ಹಾಡುತ್ತಿದ್ದ ಮೇರಿ ನೊಮುರಾ ಎಂಬ ಹುಡುಗಿಯನ್ನು ಜನ ಮಾಂಜನಾರಿನ ಹಾಡುಹಕ್ಕಿ ಅಂತ ಕರೆದರು. ಅವರನ್ನು ಕೂಡಿಹಾಕಿದ ದೇಶದ್ದೇ ಸಂಗೀತ ಅದು, ಅವರಿಗೆ ಅದು ತಮ್ಮದೇ ಆಗಿತ್ತು. ಹಿರಿಯರ ಕಡೆ ಬಂದರೆ ಉದ್ದನೆಯ ತಂತಿವಾದ್ಯ ಕೊಟೊ, ಶಾಮಿಸೆನ್, ಪದ್ಯ ಹಾಡುವ ಶಿಗಿನ್. ಓಬೋನ್ ಕುಣಿತವೂ ಆಯಿತು. ಗದ್ದೆ, ಅಂಗಡಿ ಅಂತ ಬಿಡುವಿಲ್ಲದೆ ದುಡಿದಿದ್ದ ಜನಕ್ಕೆ ಒಮ್ಮೆಲೇ ಹೊತ್ತೇ ಹೋಗದ ಹಾಗಾಯಿತು, ಪಕ್ಕದ ಕೋಣೆಯಲ್ಲೇ ವಾದ್ಯ ಕಲಿಸುವವರು ಸಿಕ್ಕಿದರು. ಈಗಿನ ಕೊಟೊ ವಾದಕಿ ಶರ್ಲಿ ಮುರಾಮೊಟೊ ಅವರ ತಾಯಿ ಕೊಟೊ ಕಲಿತದ್ದು ಕ್ಯಾಂಪಿನಲ್ಲೇ. ಮಗಳು ಆ ಕಾಲದ ಕಲಾವಿದರನ್ನು ಹುಡುಕಿ 2014ರಲ್ಲಿ ಸಾಕ್ಷ್ಯಚಿತ್ರವನ್ನೇ ಮಾಡಿದರು.

ಬಿಡುಗಡೆ ಆದ ಮೇಲೆ ಎಷ್ಟೋ ಮನೆಗಳಲ್ಲಿ ಅದರ ಮಾತೇ ಎತ್ತಲಿಲ್ಲ. ಮಕ್ಕಳಿಗೆ ಹೇಳಲಿಲ್ಲ. ಆ ಮೌನದ ಮನೆಯಲ್ಲಿ ಬೆಳೆದ ಮಕ್ಕಳೇ ಮುಂದೆ ತೈಕೋ ಹಿಡಿದದ್ದು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಡುವ ಕಾನೂನು ತಂದಿತು. ಅಷ್ಟು ಹೊತ್ತಿಗೆ ಎಷ್ಟು ಜನ ತೀರಿಹೋಗಿದ್ದರು.

ಹಳೇ_ರೇಡಿಯೊ

ಮೇಷ್ಟ್ರೇ, ನಿಮ್ಮ ಬರಹ ಓದಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಮನೆಯಲ್ಲಿದ್ದ ಹಾಡಿನ ತಟ್ಟೆಯನ್ನೇ ಸುಡಬೇಕಾಗಿ ಬಂದವರ ಮೊಮ್ಮಕ್ಕಳನ್ನು 'ಮೂಲ ಎಲ್ಲಿ' ಅಂತ ನಾನು ಕೇಳಬಾರದಿತ್ತು.

ಹುಣಸೆತೋಪು (ಸ್ಯಾನ್ ಹೋಸೆ)

ಹಾಗಲ್ಲ ಸರ್, ನೀವು ಕೇಳಿದ್ದಕ್ಕೇ ಇಷ್ಟು ವಿಷಯ ಹೊರಗೆ ಬಂತು.

ನಮ್ಮೂರಿನ ಸ್ಯಾನ್ ಹೋಸೆ ತೈಕೋ 1973ರಲ್ಲಿ ಶುರುವಾದದ್ದು. ಆ ತಂಡದ ಪಿ.ಜೆ. ಹಿರಾಬಯಾಷಿ 1994ರಲ್ಲಿ 'ಏ ಜಾ ನಾಯ್ ಕಾ' ಅಂತ ಒಂದು ಕುಣಿತ ಕಟ್ಟಿದರು. 'ಒಳ್ಳೇದೇ ಅಲ್ವಾ' ಅನ್ನುವ ಅರ್ಥ. 1867ರಲ್ಲಿ ಜಪಾನಿನ ಜನ ಬೀದಿಗಿಳಿದು ಕುಣಿಯುತ್ತಾ ಕೂಗಿದ ಮಾತು ಅದು. ಹಿರಾಬಯಾಷಿ ಆ ಕೂಗನ್ನು ತೆಗೆದುಕೊಂಡು ಹೆಜ್ಜೆಗಳಲ್ಲಿ ಮೊದಲ ತಲೆಮಾರಿನವರ ದುಡಿಮೆ ತಂದರು. ಹೊಲದ ಕೆಲಸ, ರೈಲು ಹಳಿ, ಗಣಿ, ಮೀನುಗಾರಿಕೆ. ವೇದಿಕೆ ಮೇಲಿನವರು ಮಾತ್ರ ಆಡುವುದಲ್ಲ, ನೋಡುವವರನ್ನೂ ಸೇರಿಸಿಕೊಳ್ಳುತ್ತಾರೆ. ತಾಂಕೊ ಬುಷಿಯಲ್ಲಿ ಗಣಿಯವರು ಮಾಡಿದ್ದೂ ಇದನ್ನೇ ಅಲ್ವಾ?

ಹೆಡ್‌ಫೋನ್_ಹಾಕಿದವಳು (ಬೆಂಗಳೂರು)

ಹೊಸ ಕಾಲದವರ ಬಗ್ಗೆ ನಾನು ಸೇರಿಸುತ್ತೇನೆ. ಮೇಷ್ಟ್ರು ಹೇಳಿದ ಕುದುರೆ ಲಾಯದಲ್ಲಿ ಪುಟ್ಟ ಮಗುವಾಗಿ ಇದ್ದವರು ನೊಬುಕೊ ಮಿಯಾಮೊಟೊ. 1973ರಲ್ಲಿ ಅವರು, ಕ್ರಿಸ್ ಈಜಿಮಾ, ಚಾರ್ಲಿ ಚಿನ್ ಸೇರಿ ಒಂದು ಆಲ್ಬಮ್ ತಂದರು. ಏಷ್ಯನ್ ಅಮೆರಿಕನ್ನರ ಮೊದಲ ಆಲ್ಬಮ್ ಅಂತ ಅದನ್ನು ಹೇಳುತ್ತಾರೆ. ಗಿಟಾರ್, ಇಂಗ್ಲಿಷ್ ಮಾತು, ನಾವು ಯಾರು ಅನ್ನುವ ಪ್ರಶ್ನೆ. 1979ರಲ್ಲಿ ಹಿರೋಷಿಮಾ ಅನ್ನುವ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಅದರಲ್ಲಿ ಜೂನ್ ಕುರಾಮೊಟೊ 13 ತಂತಿಯ ಕೊಟೊವನ್ನು ಜಾಜ್ ಮಧ್ಯೆ ಕೂರಿಸಿದ ರೀತಿ ಕೇಳಬೇಕು.

ನಾನು ಶಾಲೆಯಲ್ಲಿದ್ದಾಗ ಲಿಂಕಿನ್ ಪಾರ್ಕ್ ಅನ್ನುವ ರಾಕ್ ಬ್ಯಾಂಡಿನ ಹುಚ್ಚು. ಅದರ ಮೈಕ್ ಶಿನೋಡಾ 2005ರಲ್ಲಿ ಫೋರ್ಟ್ ಮೈನರ್ ಹೆಸರಲ್ಲಿ 'ಕೆಂಜಿ' ಅಂತ ಒಂದು ರ‍್ಯಾಪ್ ಮಾಡಿದರು. ಮಾಂಜನಾರಿಗೆ ಹೋದ ಕುಟುಂಬದ ಕತೆ. ಮಧ್ಯೆ ಅವರ ತಂದೆ ಮತ್ತು ಅತ್ತೆ ಮಾತಾಡಿದ ದನಿಯನ್ನೇ ಇಟ್ಟಿದ್ದಾರೆ. ವಯಸ್ಸಾದವರು ತಡೆದು ತಡೆದು ಮಾತಾಡುವ ದನಿ, ಕೆಳಗೆ ಬೀಟ್. ಆಗ ನನಗೆ ಏನೂ ಅರ್ಥ ಆಗಿರಲಿಲ್ಲ. ನಿನ್ನೆ ರಾತ್ರಿ ಮತ್ತೆ ಕೇಳಿದೆ. ಹ್ಯಾರಿ ಉರಾಟಾ ಟೇಪ್ ಹಿಡಿದು ಮಾಡಿದ ಕೆಲಸವನ್ನೇ ಇವರೂ ಮಾಡಿದ್ದಾರೆ ಅನ್ನಿಸಿತು.

ಕಿಶಿ ಬಾಶಿ ಅಂತ ಇನ್ನೊಬ್ಬರಿದ್ದಾರೆ. ಅವರ ತಂದೆತಾಯಿ ಬಂದದ್ದು ಯುದ್ಧ ಮುಗಿದ ಮೇಲೆ, ಅವರ ಮನೆಯವರು ಕ್ಯಾಂಪಿನಲ್ಲಿ ಇರಲಿಲ್ಲ. ಆದರೂ ಪಿಟೀಲು ಹಿಡಿದು ಆ ಕ್ಯಾಂಪುಗಳಿದ್ದ ಬಯಲಿಗೆ ಹೋಗಿ ಅಲ್ಲೇ ನಿಂತು ನುಡಿಸಿದರು. 2019ರ ಅವರ ಆಲ್ಬಮ್ ಹೆಸರು 'ಒಮೊಯ್‌ಯಾರಿ', ಇನ್ನೊಬ್ಬರ ನೋವು ತನ್ನದು ಅಂದುಕೊಳ್ಳುವುದು ಅಂತ.

ಮಲೆನಾಡ_ಮಳೆ

ಬ್ರೆಜಿಲ್ ಬಗ್ಗೆ ಯಾರೂ ಹೇಳಲಿಲ್ಲ! ಹೊರದೇಶದ ಜಪಾನಿ ಮೂಲದವರಲ್ಲಿ ಅತಿ ಹೆಚ್ಚು ಜನ ಇರುವುದು ಅಲ್ಲೇ. 1908ರ ಜೂನ್ 18ರಂದು ಕಸಾತೊ ಮಾರು ಹಡಗು 781 ಜನರನ್ನು ಸಾಂಟೋಸ್ ಬಂದರಿಗೆ ಇಳಿಸಿತು, ಕಾಫಿ ತೋಟದ ಕೂಲಿಗೆ. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದವರು. ಒಕಿನಾವಾದವರು ಹೋದ ಕಡೆಯೆಲ್ಲ ಸನ್‌ಶಿನ್ ಹೋಯಿತು. ಮೂರು ತಂತಿ, ಹಾವಿನ ಚರ್ಮ ಹೊದಿಸಿದ ಪುಟ್ಟ ವಾದ್ಯ.

ನನಗೆ ಇಷ್ಟವಾದದ್ದು ತಿರುಗಿ ಹೋದವರ ಕತೆ. 1990ರಲ್ಲಿ ಜಪಾನ್ ಕಾನೂನು ಬದಲಿಸಿತು. ದಕ್ಷಿಣ ಅಮೆರಿಕದಲ್ಲಿದ್ದ ಜಪಾನಿ ಮೂಲದವರು ದುಡಿಯಲು ಜಪಾನಿಗೆ ಬಂದರು. ಮುಖ ಜಪಾನಿ, ಮಾತು ಪೋರ್ಚುಗೀಸ್, ಸ್ಪ್ಯಾನಿಷ್. ಅಲ್ಲೂ ಪರದೇಶಿಗಳೇ ಆದರು. ಪೆರುವಿನಲ್ಲಿ ಹುಟ್ಟಿದ ಆಲ್ಬರ್ಟೊ ಶಿರೋಮಾ ಒಕಿನಾವಾದಲ್ಲಿ ಡಿಯಾಮಾಂಟೆಸ್ ಅನ್ನುವ ಬ್ಯಾಂಡ್ ಕಟ್ಟಿ, ಲ್ಯಾಟಿನ್ ತಾಳದ ಮೇಲೆ ಎರಡೂ ಭಾಷೆ ಸೇರಿಸಿ ಹಾಡಿದರು. ತಾತ ಬಿಟ್ಟುಹೋದ ದ್ವೀಪದಲ್ಲಿ ಮೊಮ್ಮಗ ಸ್ಪ್ಯಾನಿಷ್‌ನಲ್ಲಿ ಹಾಡುತ್ತಾನೆ!

ಘಟಪ್ರಭಾ_ದಂಡೆ (ಮುಧೋಳ)

ನಿನ್ನೆ ರಾತ್ರಿ ಊಟ ಆದ ಮೇಲೆ ನಮ್ಮ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಹರೆಯದಲ್ಲಿ ಕೂಲಿಗೆ ಹೋದವಳು ಅವಳು. ರವದಿ ಸುಲಿಯುವಾಗ ನೀವೂ ಹಾಡುತ್ತಿದ್ದಿರಾ ಅಂತ ಕೇಳಿದೆ. "ಕಸಾ ತೆಗಿಯೂ ಮುಂದ ಹಾಡತಿದ್ವಿ. ರವದಿ ಸುಲಿಯೂ ಮುಂದ ಬಾಯಾಗ ಧೂಳ ಹೊಕ್ಕತೈತಿ, ಹೆಂಗ ಹಾಡೂದು? ಅವ್ರು ಹಾಡ್ಯಾರ ಅಂದ್ರ ಭಾಳ ಸಂಕಟ ಇದ್ದೀತು" ಅಂದಳು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೆಣ್ಮಕ್ಕಳು ತಿರುಗಿ ತಮ್ಮ ಊರಿಗೆ ಹ್ವಾದ್ರೋ ಇಲ್ಲೋ, ಕೇಳು" ಅಂದಳು. ಮೇಡಂ, ಹೋದರಾ?

ಹುಣಸೆತೋಪು (ಸ್ಯಾನ್ ಹೋಸೆ)

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಸರ್. ಕೆಲವರು ಹೋದರು. 1900ರಲ್ಲಿ ಕರಾರು ಕೂಲಿ ನಿಂತ ಮೇಲೆ ಹಲವರು ಒಳ್ಳೇ ಕೂಲಿ ಸಿಗುತ್ತದೆ ಅಂತ ಅಮೆರಿಕದ ಕರಾವಳಿಗೆ ಬಂದರು. 1907ರಲ್ಲಿ ಆ ದಾರಿಯನ್ನೂ ಮುಚ್ಚಿದರು. ತುಂಬಾ ಜನ ಅಲ್ಲೇ ಉಳಿದರು, ಅಲ್ಲೇ ಮಣ್ಣಾದರು.

ಅಮ್ಮನ ಪ್ರಶ್ನೆಯನ್ನೇ ಕೇಳುವ ಒಂದು ಪದ ಆ ಹಾಡುಗಳಲ್ಲೇ ಇದೆ. ಅದರ ಅರ್ಥ ಹೀಗೆ: 'ಮುಂದೆ ಅಮೆರಿಕಕ್ಕೆ ಹೋಗಲೋ, ತಿರುಗಿ ಜಪಾನಿಗೆ ಹೋಗಲೋ, ಈ ಹವಾಯಿಯಲ್ಲಿ ನಿಂತು ಯೋಚಿಸುತ್ತಿದ್ದೇನೆ.'

ಘಟಪ್ರಭಾ_ದಂಡೆ (ಮುಧೋಳ)

ಅವ್ವನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದಳು.